ಮೋರಿಗೆ ಹೋಗುವ ಕಾಯಿನೀರಿನಿಂದ ಬಟ್ಟೆ: ಮಾಟುಂಗದಲ್ಲೇ ಪ್ರಯೋಗ ನಡೆಯಲಿ

ಮಾನ್ಯ ಸಂಪಾದಕರೇ,

ಸೂಕ್ಷ್ಮಜೀವಿಗಳನ್ನು ಬೆಳೆಸಿ ಬಟ್ಟೆ ಮತ್ತು ಚರ್ಮದಂಥ ಹಾಳೆಗಳನ್ನು ತಯಾರಿಸುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ನನ್ನ ಓರಗೆಯವರು ಕೆಲವರು ಇದು ವಿದೇಶದ ಶ್ರೀಮಂತರ ಹೊಸ ಹುಚ್ಚು ಎಂದು ತಳ್ಳಿಹಾಕಿದರು. ನಮ್ಮ ಮನೆಯ ಎಳೆಯರು ಇನ್ನು ಹತ್ತು ವರ್ಷದಲ್ಲಿ ಹತ್ತಿಯನ್ನು ಕೇಳುವವರೇ ಇರುವುದಿಲ್ಲ ಎಂದರು. ಎರಡು ಮಾತನ್ನೂ ನಾನು ಒಪ್ಪಲಾರೆ. 1974ರಿಂದ ಎಂಟು ವರ್ಷ ಮುಂಬಯಿಯ ಬಟ್ಟೆ ಗಿರಣಿಯೊಂದರ ಬಣ್ಣದ ಖಾತೆಯಲ್ಲಿ, 1982ರ ಮುಷ್ಕರದಲ್ಲಿ ಆ ಕೆಲಸ ಹೋದ ಮೇಲೆ ನಾಲ್ಕು ದಶಕ ಮಾಟುಂಗದ ನಮ್ಮವರ ಹೋಟೆಲಿನಲ್ಲಿ ದುಡಿದವನು ನಾನು. ಆದ್ದರಿಂದ ಬಟ್ಟೆಯ ಕಷ್ಟವೂ ತೆಂಗಿನಕಾಯಿಯ ಲೆಕ್ಕವೂ ನನಗೆ ತಿಳಿದಿದೆ, ಮತ್ತು ಈ ವಿಷಯದಲ್ಲಿ ಇವೆರಡೂ ಒಂದೇ ಕಡೆ ಬಂದು ಕೂಡುತ್ತವೆ.

ನಮ್ಮ ಹೋಟೆಲಿನಲ್ಲಿ ಬೆಳಗಿನ ಜಾವ ಐದು ಗಂಟೆಗೆ ಚಟ್ನಿಗೆ ಕಾಯಿ ಒಡೆಯಲು ಶುರು. ದಿನಕ್ಕೆ ಸುಮಾರು 60 ಕಾಯಿ ಬೇಕು, ಹಬ್ಬದ ದಿನಗಳಲ್ಲಿ ಇನ್ನೂ ಹೆಚ್ಚು. ಹುಡುಗ ಕತ್ತಿಯ ಬೆನ್ನಿನಿಂದ ಒಂದೇ ಏಟಿಗೆ ಕಾಯಿಯನ್ನು ಎರಡು ಹೋಳು ಮಾಡುತ್ತಾನೆ, ನೀರು ಅವನ ಮೊಣಕೈವರೆಗೆ ಇಳಿದು ಕೆಳಗಿನ ಹಿತ್ತಾಳೆ ಕೊಳಗಕ್ಕೆ ಬೀಳುತ್ತದೆ. ಆ ನೀರು ಎಳನೀರಿನಂತೆ ಕುಡಿಯಲು ಸೊಗಸಾದದ್ದಲ್ಲ. ಬಲಿತ ಕಾಯಿಯ ನೀರು, ತುಸು ಒಗರು, ಮೇಲೆ ಎಣ್ಣೆಯ ಪಸೆ. ಆರು ಗಂಟೆಗೆ ಕೊಳಗ ತುಂಬುತ್ತದೆ, ಆರೂಕಾಲಿಗೆ ಅದು ಮೋರಿಯಲ್ಲಿರುತ್ತದೆ. ಒಮ್ಮೆ ಅಳೆದು ನೋಡಿದಾಗ ಏಳು ಲೀಟರ್ ಆಗಿತ್ತು. ಮಾಟುಂಗ, ದಾದರ್, ಚೆಂಬೂರು, ಫೋರ್ಟ್ ಕಡೆಯ ನಮ್ಮವರ ಹೋಟೆಲುಗಳನ್ನೂ ದೇವಸ್ಥಾನಗಳ ಮುಂದೆ ಒಡೆಯುವ ಕಾಯಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಈ ನಗರದ ಮೋರಿಗಳಿಗೆ ದಿನವೂ ಹೋಗುವ ಕಾಯಿನೀರು ಎಷ್ಟಾದೀತು ಎಂಬುದನ್ನು ಓದುಗರೇ ಊಹಿಸಬಹುದು.

ಈ ನೀರಿಗೂ ಬಟ್ಟೆಗೂ ಇರುವ ಸಂಬಂಧ ಹೊಸದಾಗಿ ಕಂಡುಹಿಡಿದದ್ದೇನಲ್ಲ. ವಿನೆಗರ್ ಹುಳಿಯುವಾಗ ಅದರ ಮೇಲೆ ಕಟ್ಟುವ ಗಟ್ಟಿ ಪದರವನ್ನು 1886ರಲ್ಲಿ ಇಂಗ್ಲೆಂಡಿನ ಎ. ಜೆ. ಬ್ರೌನ್ ಎಂಬ ವಿಜ್ಞಾನಿ ಪರೀಕ್ಷಿಸಿ, ಅದು ಒಂದು ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್, ಅಂದರೆ ಗಿಡಗಳ ನಾರಿನಲ್ಲಿರುವ ವಸ್ತುವೇ, ಎಂದು ತೋರಿಸಿದರು. ಹತ್ತಿಯ ಎಳೆಯೂ ಸೆಲ್ಯುಲೋಸೇ. ಇಂದು ಕೊಮಗಟೈಬ್ಯಾಕ್ಟರ್ ಎಂಬ ಹೆಸರಿನಿಂದ ಗುರುತಿಸುವ ಈ ಜೀವಿ ಸಕ್ಕರೆಯನ್ನು ತಿಂದು ತನ್ನ ಮೈಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಹೊರಬಿಡುತ್ತದೆ. ಕೋಟ್ಯಂತರ ಜೀವಿಗಳ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ, ನೀರಿನ ಮೇಲೆ ಒಂದು ಹಾಳೆಯಾಗುತ್ತದೆ. ಅದಕ್ಕೆ ಗಾಳಿ ಬೇಕಾದ್ದರಿಂದ ಹಾಳೆ ಯಾವಾಗಲೂ ಮೇಲ್ಗಡೆಯೇ ಕಟ್ಟುತ್ತದೆ. ಪಾತ್ರೆ ಎಷ್ಟು ಅಗಲವೋ ಹಾಳೆಯೂ ಅಷ್ಟೇ ಅಗಲ. ಮಗ್ಗವೂ ಬೇಡ, ನೂಲುವುದೂ ಬೇಡ. 28ರಿಂದ 30 ಡಿಗ್ರಿ ಬಿಸಿ ಅದಕ್ಕೆ ಹಿತ, ಅಂದರೆ ವರ್ಷದ ಬಹುಪಾಲು ನಮ್ಮ ಅಡಿಗೆಮನೆಯ ಬಿಸಿಯೇ ಸಾಕು. ಫಿಲಿಪೈನ್ಸ್ ದೇಶದಲ್ಲಿ ಇದೇ ಹಾಳೆಯನ್ನು ಕಾಯಿನೀರಿನಲ್ಲಿ ಬೆಳೆಸಿ, ಚೌಕ ತುಂಡು ಮಾಡಿ, ಸಕ್ಕರೆ ಪಾಕದಲ್ಲಿ ಅದ್ದಿ ನಾಟಾ ಡಿ ಕೊಕೊ ಎಂಬ ಸಿಹಿಯಾಗಿ ತಿನ್ನುತ್ತಾರೆ. ಜಪಾನಿನ ಸೋನಿ ಕಂಪನಿ 1989ರಷ್ಟು ಹಿಂದೆಯೇ ಇದನ್ನು ತನ್ನ ದುಬಾರಿ ಹೆಡ್‌ಫೋನಿನ ಒಳಪರದೆಗೆ ಬಳಸಿತ್ತು. ನಮ್ಮ ಪಕ್ಕದ ಕೇರಳದಲ್ಲಿ ಮಲೈ ಎಂಬ ಸಂಸ್ಥೆ ಕಾಯಿನೀರಿನಲ್ಲಿ ಬೆಳೆಸಿದ ಸೆಲ್ಯುಲೋಸಿಗೆ ಬಾಳೆ ಮುಂತಾದ ಗಿಡಗಳ ನಾರನ್ನು ಸೇರಿಸಿ ಚೀಲ, ಪರ್ಸು ಹೊಲಿಯಬಲ್ಲ ಹಾಳೆಯನ್ನು ತಯಾರಿಸುತ್ತಿದೆ. ಮಲೈ ಎಂದರೆ ಕೆನೆ. ಹೆಸರು ತಕ್ಕುದಾಗಿಯೇ ಇದೆ.

ಓದಿದ್ದಷ್ಟನ್ನೇ ನಂಬಿ ಪತ್ರ ಬರೆಯಬಾರದೆಂದು ಮನೆಯಲ್ಲಿಯೇ ಪ್ರಯೋಗ ಮಾಡಿದೆವು. ನನ್ನ ಮೊಮ್ಮಗಳು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುತ್ತಾಳೆ. ಜೂನ್ ತಿಂಗಳಲ್ಲಿ ನಾಲ್ಕು ಲೀಟರ್ ಕಾಯಿನೀರನ್ನು ಸೋಸಿ, ಕುದಿಸಿ, ಸಕ್ಕರೆ ಮತ್ತು ಸ್ವಲ್ಪ ವಿನೆಗರ್ ಬೆರೆಸಿ, ಆರಿದ ಮೇಲೆ ಕೊಂಬುಚಾ ಎಂಬ ಹುದುಗಿಸಿದ ಚಹಾದ ತಾಯಿಹೆಪ್ಪನ್ನು ಹಾಕಿ, ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಸುರಿದು, ಮೇಲೆ ನನ್ನ ಹಳೆಯ ಪಂಚೆಯ ತುಂಡನ್ನು ಬಿಗಿದು ಕಪಾಟಿನ ಮೇಲಿಟ್ಟಳು. ಮೊದಲ ತಟ್ಟೆ ಕೆಟ್ಟಿತು. ಆರನೆಯ ದಿನ ಹಸಿರು ಬೂಸ್ಟು ಹಿಡಿದು ಎಲ್ಲವನ್ನೂ ಚೆಲ್ಲಬೇಕಾಯಿತು. ಎರಡನೆಯ ಸಲ ಮೂರು ದಿನಕ್ಕೆ ತೆಳ್ಳನೆಯ ಪೊರೆ ಕಂಡಿತು, ಎರಡು ವಾರಕ್ಕೆ ಅದು ಕಿರುಬೆರಳಿನಷ್ಟು ದಪ್ಪವಾಯಿತು. ಕೈಯಲ್ಲಿ ಎತ್ತಿದರೆ ಎಳೆಗಾಯಿಯ ಗಂಜಿಯಂತೆ ಜಾರುತ್ತಿತ್ತು, ಆದರೆ ಎರಡು ಕೈಯಿಂದ ಎಳೆದರೂ ಹರಿಯಲಿಲ್ಲ. ಗಿರಣಿಯಲ್ಲಿ ಹತ್ತಿ ಬಟ್ಟೆಯನ್ನು ನೆನೆಸಿ, ಎಳೆದು, ಹಿಂಡಿದ ನನ್ನ ಕೈಗೆ ಆ ಬಲ ಕೂಡಲೇ ತಿಳಿಯಿತು. ಅದರಲ್ಲಿ ನೂರಕ್ಕೆ 98 ಪಾಲಿಗೂ ಮೇಲೆ ನೀರೇ ಇರುತ್ತದಂತೆ. ಸೋಡಾ ಹಾಕಿ ಕುದಿಸಿ, ತೊಳೆದು, ಮರದ ಹಲಗೆಯ ಮೇಲೆ ಹರವಿದೆವು. ಮಳೆಗಾಲದ ಹವೆಯಲ್ಲಿ ಒಣಗಲು ಒಂಬತ್ತು ದಿನ ಹಿಡಿಯಿತು. ಒಣಗಿದ ಮೇಲೆ ಆ ಕಿರುಬೆರಳಿನ ದಪ್ಪ ಉದ್ದಿನ ಹಪ್ಪಳದಷ್ಟಕ್ಕೆ ಇಳಿದಿತ್ತು, ಬಣ್ಣ ಕಾಯಿಸಿದ ಬೆಲ್ಲದ್ದು. ಮಸಾಲೆ ತೂಗುವ ತಕ್ಕಡಿಯಲ್ಲಿಟ್ಟರೆ 20 ಗ್ರಾಂ.

ಈ 20 ಗ್ರಾಂ ಎಂಬುದನ್ನು ಉತ್ಸಾಹಿಗಳು ಗಮನಿಸಬೇಕು. ಲೀಟರಿಗೆ ಐದು ಗ್ರಾಂ. ಚೀಲ ಹೊಲಿಯಲು ತಕ್ಕಂಥ ಒಂದು ಚದರ ಮೀಟರ್ ಹಾಳೆಗೆ 250 ಗ್ರಾಂ ಬೇಕೆಂದು ಹಿಡಿದರೆ ನಮ್ಮ ಹೋಟೆಲಿನ ಒಂದು ವಾರದ ಕಾಯಿನೀರೆಲ್ಲ ಅದಕ್ಕೇ ಸಲ್ಲಬೇಕು. ಮೇಲಾಗಿ ಸಕ್ಕರೆಯನ್ನು ಹೊರಗಿನಿಂದ ಹಾಕಿದ್ದೇವೆ. ಸಕ್ಕರೆ ಬಂದದ್ದು ಕಬ್ಬಿನಿಂದ, ಕಬ್ಬು ಎಷ್ಟು ನೀರು ಕುಡಿಯುವ ಬೆಳೆ ಎಂಬುದು ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರದವರಿಗೆ ಹೇಳಬೇಕಾಗಿಲ್ಲ. ತ್ಯಾಜ್ಯದಿಂದ ಬಟ್ಟೆ ಎಂದು ಹೆಮ್ಮೆಪಡುವ ಮೊದಲು ಆ ಸಕ್ಕರೆಯ ಬದಲು ಜ್ಯೂಸ್ ಅಂಗಡಿಯ ಹಣ್ಣಿನ ಸಿಪ್ಪೆ, ಬೆಲ್ಲದ ಗಾಣದ ಕಳಪೆ ಪಾಕ ಇಂಥವು ಆಗುತ್ತವೆಯೇ ಎಂದು ನೋಡಬೇಕು.

ಹಾಳೆಯನ್ನು ತೆಗೆದುಕೊಂಡು ಧಾರಾವಿಗೆ ಹೋದೆ. ರೈಲು ಹಳಿ ದಾಟಿದರೆ ನಮ್ಮ ಪಕ್ಕದ ಬೀದಿಯೇ ಅದು. ಅಲ್ಲಿ ಚರ್ಮದ ಮತ್ತು ರೆಕ್ಸಿನ್ ಚೀಲ ಹೊಲಿಯುವ, ಕಲಬುರಗಿ ಕಡೆಯಿಂದ ಬಂದು ನೆಲಸಿದ ಕಾರಿಗರರೊಬ್ಬರು ನನಗೆ ಹಳೆಯ ಪರಿಚಯ. ಅವರು ಹಾಳೆಯನ್ನು ಮಡಚಿ, ಉಗುರಿನಿಂದ ಗೆರೆ ಎಳೆದು, ಕಿವಿಯ ಹತ್ತಿರ ಹಿಡಿದು ಬಾಗಿಸಿ ಸದ್ದು ಕೇಳಿ, ಕೊನೆಗೆ ಹೊಲಿಗೆ ಯಂತ್ರದ ಕೆಳಗೆ ಒಂದು ಗೇಣು ಹೊಲಿದು ನೋಡಿದರು. “ಕಾಕಾ, ಮಾಲು ಗಟ್ಟಿ ಅದ. ಆದ್ರ ಸೂಜಿ ತೂತು ಬಿದ್ದಲ್ಲಿಂದನ ಹರೀತದ. ಹಿಂದ ಅಸ್ತರ ಹಚ್ಚಿ ತರ್ರಿ, ಮತ್ತ ಮಳ್ಯಾಗ ಏನಾಗ್ತದ ನೋಡ್ರಿ” ಎಂದರು. ಅವರು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಹಿಂದಿರುಗುವ ದಾರಿಯಲ್ಲೇ ಸಿಕ್ಕಿತು. ಮಳೆ ಹನಿ ಬಿದ್ದ ಕಡೆಯೆಲ್ಲ ಹಾಳೆ ನೀರು ಹೀರಿ ಉಬ್ಬಿ, ಮನೆ ಮುಟ್ಟುವಾಗ ಅರ್ಧಕ್ಕರ್ಧ ಮತ್ತೆ ಮೆತ್ತಗಾಗಿ ಅಂಟಂಟಾಗಿತ್ತು. ಲಂಡನ್ನಿನ ಸುಝನ್ ಲೀ ಎಂಬ ವಿನ್ಯಾಸಕಿ ಈ ಹಾಳೆಯಿಂದ ಜಾಕೆಟ್ ಹೊಲಿದು ಜಗತ್ತಿನ ಗಮನ ಸೆಳೆದವರು. ಮಳೆಯಲ್ಲಿ ಇದು ನೀರು ಹೀರಿ ಭಾರವಾಗಿ ಹೊಲಿಗೆ ಬಿಡುತ್ತದೆ ಎಂದು ಅವರೂ 2011ರ ತಮ್ಮ ಭಾಷಣದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ದೋಷವಲ್ಲ.

ಕಾರಿಗರರ ಮೊದಲ ಸಲಹೆಯನ್ನು ಮೊಮ್ಮಗಳು ಬೇರೆಯೇ ರೀತಿಯಲ್ಲಿ ಪಾಲಿಸಿದಳು. ಅಸ್ತರನ್ನು ಆಮೇಲೆ ಅಂಟಿಸುವ ಬದಲು ತೆಳು ಹತ್ತಿ ಬಟ್ಟೆಯನ್ನು ಹೆಪ್ಪು ಹಾಕುವಾಗಲೇ ನೀರಿನ ಮೇಲ್ಮೈಗೆ ತಾಗುವಂತೆ ಕಟ್ಟಿದಳು. ಬ್ಯಾಕ್ಟೀರಿಯಾ ತನ್ನ ಎಳೆಗಳನ್ನು ಬಟ್ಟೆಯ ಕಣ್ಣುಗಳೊಳಗೇ ಹೆಣೆದುಕೊಂಡು ಬೆಳೆಯಿತು. ಒಣಗಿದ ಮೇಲೆ ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಎರಡು ಸಲ ಸವರಿದೆವು. ಈ ಸಲ ಹೊಲಿಗೆ ನಿಂತಿತು, ನೀರ ಹನಿಯೂ ಸ್ವಲ್ಪ ಹೊತ್ತು ಮೇಲೆಯೇ ನಿಂತು ಜಾರಿತು. ಅದೇ ಕಾರಿಗರರು ಹೊಲಿದುಕೊಟ್ಟ ಕನ್ನಡಕದ ಚೀಲವನ್ನು ನಾನು ಎರಡು ತಿಂಗಳಿನಿಂದ ಬಳಸುತ್ತಿದ್ದೇನೆ. ಮೂಲೆಗಳು ಸವೆದಿವೆ, ಆದರೂ ಗಟ್ಟಿಯಾಗಿದೆ.

ಸೂಕ್ಷ್ಮಜೀವಿಯಿಂದ ಬಟ್ಟೆ ಎಂದೊಡನೆ ಅಸಹ್ಯಪಡುವವರಿಗೆ ಒಂದು ಮಾತು ಹೇಳಬೇಕು. ನಾವು ತೊಟ್ಟ ಬಟ್ಟೆಯಲ್ಲಿ ಈ ಜೀವಿಗಳ ಕೈ ಯಾವಾಗಲೂ ಇತ್ತು. ನಮ್ಮ ಉತ್ತರ ಕರ್ನಾಟಕದವರು ಪುಂಡಿಯ ಕಟ್ಟುಗಳನ್ನು ಕೆರೆಯಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಿದ್ದಾಗ ನಾರನ್ನು ಹಿಡಿದಿಟ್ಟ ಅಂಟನ್ನು ತಿನ್ನುತ್ತಿದ್ದದ್ದು ನೀರಿನ ಬ್ಯಾಕ್ಟೀರಿಯಾ. ಹಳೆಯ ನೀಲಿಯ ತೊಟ್ಟಿಗಳು ಬಣ್ಣ ಬಿಡುತ್ತಿದ್ದದ್ದೂ ಹುದುಗಿನಿಂದಲೇ. ಗಿರಣಿಯಲ್ಲಿ ಹಾಸುನೂಲಿಗೆ ಗಂಜಿ ಹಾಕಿ ನೇಯುತ್ತಾರೆ. ಬಣ್ಣ ಹಿಡಿಯಬೇಕಾದರೆ ಆ ಗಂಜಿಯನ್ನು ತೆಗೆಯಲೇಬೇಕು. ಹಿಂದಿನ ಕಾಲದಲ್ಲಿ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ ರಾತ್ರಿಯಿಡೀ ಹುಳಿಯಲು ಬಿಡುತ್ತಿದ್ದರಂತೆ. ನಾನು ಸೇರುವ ವೇಳೆಗೆ ಬ್ಯಾಕ್ಟೀರಿಯಾದಿಂದ ತೆಗೆದ, ಗಂಜಿಯನ್ನು ಕರಗಿಸುವ ಎಂಜೈಮಿನ ಪುಡಿ ಡಬ್ಬಿಯಲ್ಲಿ ಬರುತ್ತಿತ್ತು. ಇಂದಿನ ಮಕ್ಕಳು ತೊಡುವ ಮಾಸಿದಂತೆ ಕಾಣುವ ಜೀನ್ಸಿನ ಹಿಂದೆ ಶಿಲೀಂಧ್ರದಿಂದ ಪಡೆದ ಎಂಜೈಮು ಇರುತ್ತದೆ. ಇಷ್ಟು ಕಾಲ ಬಟ್ಟೆಯನ್ನು ಹದಮಾಡಿಕೊಡುತ್ತಿದ್ದ ಜೀವಿ ಈಗ ಎಳೆಯನ್ನೇ ಕೊಡುತ್ತಿದೆ.

ಬಣ್ಣದ ಖಾತೆಯವನಾಗಿ ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂಗತಿ ಕಾಸ್ಟಿಕ್ಕಿನದು. ಹತ್ತಿಯ ಎಳೆಯ ಮೇಲೆ ಮೇಣ, ಪೆಕ್ಟಿನ್ ಎಂಬ ಅಂಟು ಎಲ್ಲ ಇರುವುದರಿಂದ ಬಟ್ಟೆಯನ್ನು ಕಿಯರ್ ಎಂಬ ದೈತ್ಯ ಹಂಡೆಯಲ್ಲಿ ಕಾಸ್ಟಿಕ್ ಸೋಡಾದೊಂದಿಗೆ ಗಂಟೆಗಟ್ಟಲೆ ಕುದಿಸುತ್ತಿದ್ದೆವು. ಆ ಕಂದು ನೀರು ಆವಿಯಾಡುತ್ತ ಚರಂಡಿಗೆ ಹೋಗುವಾಗಿನ ವಾಸನೆ, ಕೈಯ ಚರ್ಮ ಸುಲಿದು ಊಟಕ್ಕೆ ಕುಳಿತಾಗ ಉಪ್ಪಿನಕಾಯಿ ತಾಗಿ ಉರಿಯುತ್ತಿದ್ದದ್ದು ನನಗಿನ್ನೂ ಮರೆತಿಲ್ಲ. ಬ್ಯಾಕ್ಟೀರಿಯಾದ ಸೆಲ್ಯುಲೋಸಿನಲ್ಲಿ ಮೇಣವಾಗಲಿ ಪೆಕ್ಟಿನ್ ಆಗಲಿ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಆಗಲಿ ಇಲ್ಲ. ಉಳಿದ ಸಕ್ಕರೆ ಮತ್ತು ಸತ್ತ ಜೀವಿಗಳನ್ನು ತೊಳೆಯಲು ಬೇಕಾಗುವ ಕ್ಷಾರ ಅತಿ ತೆಳು. ಬಣ್ಣದಲ್ಲಿಯೂ ಹೀಗೆಯೇ: ಬ್ರಿಟನ್ನಿನ ಕಲರಿಫಿಕ್ಸ್ ಎಂಬ ಕಂಪನಿ ಬಣ್ಣ ಉತ್ಪಾದಿಸುವ ಸೂಕ್ಷ್ಮಜೀವಿಯನ್ನೇ ಬಟ್ಟೆಯ ಮೇಲೆ ಬಣ್ಣ ಕೂರಿಸಲು ಬಳಸುತ್ತಿದೆ. ಇಂಥ ದಾರಿ ನಮ್ಮ ಕಾಲಕ್ಕೇ ಇದ್ದಿದ್ದರೆ ನನ್ನೊಂದಿಗೆ ದುಡಿದ ಎಷ್ಟೋ ಮಂದಿಯ ಶ್ವಾಸಕೋಶ ಮತ್ತು ಚರ್ಮ ಉಳಿಯುತ್ತಿದ್ದವು.

ಹಾಗೆಂದು ಹತ್ತಿಯ ಕಾಲ ಮುಗಿಯಿತು ಎನ್ನುವುದು ತಪ್ಪು. ಹಾಳೆಯಾಗಿ ಬೆಳೆಯುವುದು ಮೈಗೆ ಸುತ್ತಿಕೊಳ್ಳುವ ಸೀರೆಯಾಗುವುದಿಲ್ಲ. ಅದನ್ನು ಕರಗಿಸಿ ಮತ್ತೆ ನೂಲಾಗಿ ತೆಗೆಯುವ ಪ್ರಯತ್ನಗಳು ಆಸ್ಟ್ರೇಲಿಯದ ನ್ಯಾನೊಲೋಸ್‌ನಂಥ ಕಂಪನಿಗಳಲ್ಲಿ ನಡೆದಿವೆ. ಜಪಾನಿನ ಸ್ಪೈಬರ್ ಹುದುಗಿನಿಂದ ಪಡೆದ ಪ್ರೋಟೀನ್ ನೂಲಿನ ಜಾಕೆಟನ್ನು 2019ರಲ್ಲಿ ಮಾರಾಟಕ್ಕೆ ತಂದಿತು. ಆದರೆ ವಿದರ್ಭದ, ರಾಯಚೂರಿನ, ಹಾವೇರಿಯ ಹತ್ತಿ ರೈತನ ಅನ್ನಕ್ಕೆ ಇವು ಕಲ್ಲು ಹಾಕುವ ಕಾಲ ಹತ್ತಿರದಲ್ಲಿಲ್ಲ, ಹಾಕಬೇಕೆಂದು ನಾನು ಬಯಸುವುದೂ ಇಲ್ಲ. ಈ ಹಾಳೆ ಜಾಗ ಪಡೆಯಬೇಕಾದದ್ದು ರೆಕ್ಸಿನ್ನಿನ ಬದಲಿಗೆ, ಪಿಯು ಎಂದು ಕರೆಯುವ ಪ್ಲಾಸ್ಟಿಕ್ ಚರ್ಮದ ಬದಲಿಗೆ. ಶಾಲೆಯ ಚೀಲ, ಪರ್ಸು, ಚಪ್ಪಲಿಯ ಪಟ್ಟಿ, ಪುಸ್ತಕದ ರಟ್ಟು, ಹೋಟೆಲಿನ ಬಿಲ್ಲು ಇಟ್ಟು ತಂದುಕೊಡುವ ಮಡಚು ರಟ್ಟು, ಇವುಗಳಿಂದ ಶುರುವಾಗಲಿ.

ದುಡ್ಡು ಸುರಿದ ಕೂಡಲೇ ಇದು ಕೈಗೂಡುತ್ತದೆ ಎಂಬ ಭ್ರಮೆಯೂ ಬೇಡ. ಅಮೆರಿಕದ ಬೋಲ್ಟ್ ಥ್ರೆಡ್ಸ್ ಕಂಪನಿ ಅಣಬೆಯ ಬೇರೆಳೆಗಳಿಂದ ಬೆಳೆಸಿದ ಮೈಲೊ ಎಂಬ ಚರ್ಮಕ್ಕೆ ಅಡಿಡಾಸ್‌ನಂಥ ದೊಡ್ಡ ಹೆಸರುಗಳ ಬೆಂಬಲವಿತ್ತು. ಆದರೂ 2023ರಲ್ಲಿ ಅದರ ಉತ್ಪಾದನೆಯನ್ನು ನಿಲ್ಲಿಸಬೇಕಾಯಿತು.

ಇನ್ನು ನನ್ನ ಕೋರಿಕೆ. ಮಾಟುಂಗದಲ್ಲಿ ಒಂದು ಅಪರೂಪದ ಅನುಕೂಲವಿದೆ, ನಾವು ದಿನವೂ ಅದರ ಮುಂದೆಯೇ ಓಡಾಡಿಯೂ ಅದನ್ನು ಕಂಡಿಲ್ಲ. ಹತ್ತಿಯ ಎಳೆಯನ್ನು 1924ರಿಂದ ಪರೀಕ್ಷಿಸುತ್ತ ಬಂದ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿರ್ಕಾಟ್, ಇಲ್ಲಿದೆ. ಬಟ್ಟೆಯ ರಸಾಯನಶಾಸ್ತ್ರವನ್ನು 1933ರಿಂದ ಕಲಿಸುತ್ತಿರುವ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಇಲ್ಲಿದೆ. ಕಾಯಿ ಒಡೆಯುವ ನಮ್ಮ ಹೋಟೆಲುಗಳು ಇವೆರಡರಿಂದ ನಡೆದು ಹೋಗುವಷ್ಟು ದೂರದಲ್ಲಿವೆ, ಹೊಲಿಯುವ ಕೈಗಳು ಹಳಿಯ ಆಚೆ ಧಾರಾವಿಯಲ್ಲಿವೆ. ಶುದ್ಧವಾದ ಹೆಪ್ಪು ಬೇಕೆಂದರೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕೆಗೆ ಬೇಕಾದ ಸೂಕ್ಷ್ಮಜೀವಿಗಳ ಸಂಗ್ರಹವೇ ಇದೆ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಕೆಲಸವನ್ನು ನಮ್ಮ ಕನ್ನಡ ಸಂಘಗಳು ಮತ್ತು ಹೋಟೆಲ್ ಮಾಲೀಕರ ಸಂಘಟನೆಗಳು ವಹಿಸಿಕೊಳ್ಳಬೇಕು. ಹತ್ತು ಹೋಟೆಲುಗಳ ಕಾಯಿನೀರು, ಒಂದು ವರ್ಷದ ಅವಧಿ, ಮಳೆಗಾಲವೂ ಸೇರಿದಂತೆ. ಅಷ್ಟು ಸಾಕು.

ತೊಡಕು ಇರುವುದು ವೇಳೆಯಲ್ಲಿ. ಮುಂಬಯಿಯ ಸೆಕೆಯಲ್ಲಿ ಕಾಯಿನೀರು ಮಧ್ಯಾಹ್ನದ ಹೊತ್ತಿಗೆ ಹುಳಿತು ನಾರುತ್ತದೆ, ಬೇಡದ ಜೀವಿಗಳೆಲ್ಲ ಅದರಲ್ಲಿ ಮನೆ ಮಾಡುತ್ತವೆ. ಆದ್ದರಿಂದ ಒಡೆದ ಕೂಡಲೇ ಹೋಟೆಲಿನಲ್ಲೇ ಸೋಸಿ ಕುದಿಸಿಬಿಡಬೇಕು. ಇಡ್ಲಿಯ ಹಬೆ ಪೆಟ್ಟಿಗೆಗೆ ಹೇಗೂ ಒಲೆ ಉರಿಯುತ್ತಿರುತ್ತದೆ. ಪಕ್ಕದಲ್ಲಿ ಒಂದು ಪಾತ್ರೆ ಇಡಲು ಹೆಚ್ಚಿನ ಖರ್ಚಿಲ್ಲ. ಸೋಸುವ, ಕುದಿಸುವ ಹುಡುಗನಿಗೆ ಮಾತ್ರ ಅದರ ಕೂಲಿ ಬೇರೆಯಾಗಿ ಸಲ್ಲಬೇಕು, ಬಿಟ್ಟಿ ಕೆಲಸವಾಗಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು, ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಳ ಜಾಗದಲ್ಲಿ ಈಗ ಮಾಲ್‌ಗಳಿವೆ, ಎತ್ತರದ ಕಟ್ಟಡಗಳಿವೆ. ಬಟ್ಟೆಯ ಜ್ಞಾನವಿದ್ದ ಕೈಗಳನ್ನು ಆಗ ಯಾರೂ ಕೇಳಲಿಲ್ಲ. ಹೊಸ ಬಟ್ಟೆ ಬರುವುದಾದರೆ ಅದರ ಪ್ರಯೋಗಶಾಲೆಯಲ್ಲಿ ಧಾರಾವಿಯ ಕಾರಿಗರನಿಗೂ ಮೊದಲ ದಿನದಿಂದಲೇ ಒಂದು ಕುರ್ಚಿ ಇರಲಿ. ಸೂಜಿ ತೂತಿನಿಂದ ಹರಿಯುತ್ತದೆ ಎಂಬುದನ್ನು ನಮಗೆ ಹೇಳಿದ್ದು ಪುಸ್ತಕವಲ್ಲ, ಅವರು.

ಮಾಲಿನ ಮೇಲೆ ಅಂಟಿಸುವ ಚೀಟಿಯ (ಲೇಬಲ್) ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಅಂಗಡಿಗಳಲ್ಲಿ ಇಂದು ವೀಗನ್ ಲೆದರ್, ಅಂದರೆ ಪ್ರಾಣಿಯಿಂದ ಬಾರದ ಚರ್ಮ, ಎಂದು ಮಾರುವ ಮಾಲಿನಲ್ಲಿ ಬಹಳಷ್ಟು ಬರಿಯ ಪ್ಲಾಸ್ಟಿಕ್. ನನ್ನ ಸೊಸೆ ಕಳೆದ ವರ್ಷ ಗಿಡದಿಂದ ಮಾಡಿದ್ದೆಂದು ನಂಬಿ ಕೊಂಡ ಕೈಚೀಲದ ಮೇಲ್ಪದರ ಒಂದೇ ಮಳೆಗಾಲಕ್ಕೆ ಸಿಪ್ಪೆಯಂತೆ ಸುಲಿದು ಬಂತು. ಕೆಳಗೆ ಪಾಲಿಯೆಸ್ಟರ್ ಜಾಲರಿ, ಮೇಲೆ ಪಿಯು ಲೇಪ. ಸೂಕ್ಷ್ಮಜೀವಿ ಬೆಳೆಸಿದ ಹಾಳೆಗೂ ನೀರು ತಡೆಯಲೆಂದು ಇದೇ ಲೇಪ ಹಚ್ಚಿದರೆ ಅದು ಮಣ್ಣಿನಲ್ಲಿ ಕರಗುತ್ತದೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಎಳೆ ಯಾವುದು, ಅಸ್ತರ್ ಯಾವುದು, ಲೇಪ ಯಾವುದು, ನೂರಕ್ಕೆ ಎಷ್ಟು ಪಾಲು ಎಂಬುದನ್ನು ಚೀಟಿಯಲ್ಲಿ ಬರೆಯಬೇಕೆಂದು ಸರಕಾರ ಈಗಲೇ ನಿಯಮ ಮಾಡಬೇಕು; ಮಾಲು ಪೇಟೆ ತುಂಬಿದ ಮೇಲೆ ಮಾಡಿದ ನಿಯಮಗಳು ಹೇಗೆ ನಡೆಯುತ್ತವೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ.

ಈ ಪತ್ರವನ್ನು ಓದುವ ಸಂಶೋಧಕರು, ಅಧ್ಯಾಪಕರು ಯಾರಾದರೂ ಪ್ರಯೋಗಕ್ಕೆ ಮುಂದೆ ಬಂದರೆ ತಮ್ಮ ಪತ್ರಿಕೆಯ ಮೂಲಕ ತಿಳಿಸಲಿ. ನಮ್ಮ ಹೋಟೆಲಿನ ಏಳು ಲೀಟರ್ ನೀರನ್ನು ಸೋಸಿ, ಕುದಿಸಿ, ಬೆಳಿಗ್ಗೆ ಏಳೂವರೆಯೊಳಗೆ ಮುಚ್ಚಳದ ಕ್ಯಾನಿನಲ್ಲಿ ತುಂಬಿಸಿ ಹಿಂದಿನ ಬಾಗಿಲ ಬಳಿ ಇಡುವುದಕ್ಕೆ ಮಾಲೀಕರ ಒಪ್ಪಿಗೆಯನ್ನು ನಾನು ಈಗಾಗಲೇ ಪಡೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮಾಟುಂಗದ ಓದುಗ, ಮುಂಬಯಿ